ಬೀರುವಿನಲ್ಲಿ ಸತ್ತ ಇಲಿ: ಊದುಬತ್ತಿಗೆ ಹೋಗುವ ವಾಸನೆಯಲ್ಲ ಇದು!

ಹಬ್ಬದ ದಿನ ಬೆಳಿಗ್ಗೆ ಎದ್ದು, ತಲೆಗೆ ಎರೆದುಕೊಂಡು, ಪೂಜೆಗೆಂದು ಬೆಳ್ಳಿ ಕಲಶ ತೆಗೆಯಲು ಬೀರುವಿನ ಬಾಗಿಲು ತೆರೆಯುತ್ತೀರಿ. ಗಪ್ಪೆಂದು ಮೂಗಿಗೆ ಬಡಿಯುತ್ತದೆ ಕೊಳೆತ ವಾಸನೆ! ಆಗ ಹೇಗಿರುತ್ತೆ ಹೇಳಿ?

ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಕಂಪಲಾಪುರದಲ್ಲಿ, ನನಗೆ ಬೇಕಾದವರೊಬ್ಬರ ಮನೆಯಲ್ಲಿ ಆದದ್ದು ಇದೇ. ಶ್ರಾವಣ ಮಾಸ, ವರಮಹಾಲಕ್ಷ್ಮಿ ಹಬ್ಬ. ನಮ್ಮ ಕಡೆ ಆ ದಿನಗಳಲ್ಲಿ ಹೊಗೆಸೊಪ್ಪು ಬೇಯಿಸುವ ಕೆಲಸ ಜೋರು. ಗಂಡಸರಿಗೆ ಹಗಲೂ ರಾತ್ರಿ ಬ್ಯಾರನ್ನಿನ ಉರಿ ನೋಡುವುದೇ ಆಗಿರುತ್ತದೆ. ಮನೆಯ ಮೂಲೆ ಮೂಲೆ ನೋಡಲು ಯಾರಿಗೂ ಪುರಸೊತ್ತಿಲ್ಲ. ಸೊಸೆ ಬೀರು ತೆಗೆದಳು. ಹಿಂದೆ ನಿಂತಿದ್ದ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಏನವ್ವಾ ಇದು, ಏನೋ ಸತ್ತಂಗೆ ನಾರ್ತದಲ್ಲ! ಬೀರೂನ ಯಾವತ್ತು ಒರೆಸಿದ್ದೆ?"

ಪಾಪ, ಹುಡುಗಿ ಹಿಂದಿನ ವಾರವಷ್ಟೇ ಒರೆಸಿದ್ದಳು. ಈಗೇನು ಮಾಡುವುದು? ಹತ್ತು ಗಂಟೆಗೆ ಅರಿಶಿನ ಕುಂಕುಮಕ್ಕೆ ನೆರೆಹೊರೆಯವರು ಬರುತ್ತಾರೆ. ಊದುಬತ್ತಿ ಹಚ್ಚಿದಳು, ಸೆಂಟು ಚಿಮುಕಿಸಿದಳು, ನುಸಿಗುಳಿಗೆ ಒಂದು ಹಿಡಿ ಹಾಕಿ ಬಾಗಿಲು ಮುಚ್ಚಿದಳು. ಮಾರನೆಯ ದಿನ ತೆಗೆದರೆ ಸೆಂಟು, ನುಸಿಗುಳಿಗೆ, ಸತ್ತ ಇಲಿ ಮೂರೂ ಸೇರಿ ಇನ್ನೊಂದು ಹೊಸ ನಾತ! ಮೂರನೆಯ ದಿನ ನಾನು ಹೋದಾಗ ಅವಳ ಕಣ್ಣು ಕೆಂಪಾಗಿತ್ತು. "ಅಕ್ಕಾ, ನಾನು ಗಲೀಜು ಅಂತ ಆಗೋಯ್ತು ನೋಡಿ" ಅಂದಳು.

ಈ ಮಾತಿಗಾಗಿಯೇ ಇವತ್ತು ಬರೆಯುತ್ತಿದ್ದೇನೆ. ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಬೀರುವಿನಲ್ಲಿ ಇಲಿ ಸತ್ತರೆ ಅದು ಗೃಹಿಣಿಯ ಸೋಮಾರಿತನದ ಗುರುತಲ್ಲ. ವಾಸನೆ ಎಂಬುದು ಒಂದು ಸುದ್ದಿ. ಸುದ್ದಿಯನ್ನು ಮುಚ್ಚಿಡಬಾರದು, ಅದು ಏನು ಹೇಳುತ್ತಿದೆ ಅಂತ ಕೇಳಬೇಕು. ಮೂಲ ತೆಗೆದ ಮೇಲೆ ವಾಸನೆ ತೆಗೆಯುವುದು ಅಷ್ಟೇನೂ ಕಷ್ಟವಲ್ಲ. ಮೂಲ ಬಿಟ್ಟು ವಾಸನೆಗೆ ಮದ್ದು ಮಾಡಿದರೆ ಯಾವ ಮದ್ದೂ ನಾಟುವುದಿಲ್ಲ.

ನಮ್ಮ ಅಜ್ಜಿಯರು ಹೆದರುತ್ತಿದ್ದದ್ದೇಕೆ?

ಸತ್ತ ಇಲಿ ಎಂದರೆ ಹಿಂದಿನವರಿಗೆ ಬರೀ ಹೇಸಿಗೆಯಲ್ಲ, ಜೀವಭಯ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಮೈಸೂರು ಸೀಮೆಗೂ ಹರಡಿತು. ಸೂರಿನಿಂದ ಇಲಿ ಸತ್ತು ಬಿದ್ದರೆ ಸಾಕು, ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ (1965) ಓದಿದವರಿಗೆ, ಅಗ್ರಹಾರದಲ್ಲಿ ಒಂದರ ಹಿಂದೆ ಒಂದು ಇಲಿ ಸತ್ತು ಬೀಳುವುದು ನೆನಪಿರಬೇಕು. ಪಾಲ್ ಲೂಯಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯರು ಅದೇ 1898ರಲ್ಲಿ ಕರಾಚಿಯಲ್ಲಿ ಇದರ ಗುಟ್ಟು ಕಂಡುಹಿಡಿದರು. ಇಲಿ ಸತ್ತು ಮೈ ತಣ್ಣಗಾದೊಡನೆ ಅದರ ಮೈಮೇಲಿನ ಚಿಗಟಗಳು ಬೇರೆ ಬಿಸಿ ಮೈಯನ್ನು ಹುಡುಕಿಕೊಂಡು ಹೊರಡುತ್ತವೆ. ಹಾಗೆ ಮನುಷ್ಯರ ಮೇಲೆ ಹಾರಿ ಕಚ್ಚಿದಾಗ ರೋಗ ಅಂಟುತ್ತದೆ.

ಈಗ ಬೀರುವಿನಲ್ಲಿ ಒಂದು ಇಲಿ ಸತ್ತರೆ ಪ್ಲೇಗು ಎಂದು ಗಾಬರಿ ಬೀಳಬೇಕಿಲ್ಲ. ಆದರೆ ಮನೆಯಲ್ಲಿ, ಓಣಿಯಲ್ಲಿ ಕಾರಣವಿಲ್ಲದೆ ಹಲವು ಇಲಿಗಳು ಒಟ್ಟಿಗೆ ಸತ್ತು ಬಿದ್ದರೆ ಸುಮ್ಮನಿರಬೇಡಿ. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಇನ್ನು ಇಲಿಜ್ವರದ ಮಾತು ಬೇರೆ. ಅದು ಇಲಿಯ ಮೂತ್ರದಿಂದ ಬರುತ್ತದೆ. ಕೈಕಾಲಿನ ಗಾಯ, ಕಣ್ಣು, ಬಾಯಿಯ ಮೂಲಕ ಒಳಗೆ ಸೇರುತ್ತದೆ. ಆದ್ದರಿಂದ ಬರಿಗೈಯಲ್ಲಿ ಸತ್ತ ಇಲಿಯ ಬಾಲ ಹಿಡಿದು ಬೀದಿಗೆ ಎಸೆಯುವ ಧೈರ್ಯ ಬೇಡವೇ ಬೇಡ.

ಮೊದಲು ಮೂಗಿಗೆ ಕೆಲಸ ಕೊಡಿ

ವಾಸನೆ ಯಾವ ಥರದ್ದು? ಇದನ್ನು ಮೊದಲು ಯೋಚಿಸಿ. ಕೊಳೆತ ಮಾಂಸದಂತೆ ಸಿಹಿಸಿಹಿಯಾಗಿ, ಹೊಟ್ಟೆ ತೊಳಸುವಂತಿದ್ದರೆ ಸತ್ತ ಇಲಿಯೇ. ಒಂಥರಾ ಕಸ್ತೂರಿಯ ಹಾಗೆ ಘಾಟು ಘಾಟಾಗಿದ್ದರೆ ಬದುಕಿರುವ ಮೂಗಿಲಿ ಓಡಾಡಿರಬಹುದು. ಅದು ಜೀವಂತ ಇರುವಾಗಲೇ ನಾರುತ್ತದೆ.

ಮೂರನೆಯದು ಅಪಾಯದ ವಾಸನೆ. ಬೆಳ್ಳುಳ್ಳಿಯಂತೆ ಅಥವಾ ಕೊಳೆತ ಮೀನಿನಂತೆ ಬಂದರೆ ಜೋಕೆ! ಕಾಳಿನ ನುಸಿಗೆಂದು ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಕೆಲವರು ಬಟ್ಟೆಯಲ್ಲಿ ಕಟ್ಟಿ ಮನೆಯೊಳಗೇ ಇಡುವುದುಂಟು. ಅದಕ್ಕೆ ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷದ ಅನಿಲ ಬಿಡುತ್ತದೆ. ಅದು ಇಲಿಯನ್ನಷ್ಟೇ ಅಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದ ಮಕ್ಕಳನ್ನೂ ಕೊಲ್ಲಬಲ್ಲದು. ಅಂಥ ವಾಸನೆ ಬಂದು, ಯಾರಿಗಾದರೂ ತಲೆಸುತ್ತು, ವಾಂತಿ, ಎದೆ ಬಿಗಿತ ಕಂಡರೆ ಹುಡುಕುತ್ತಾ ನಿಲ್ಲಬೇಡಿ. ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು 108ಕ್ಕೆ ಫೋನು ಮಾಡಿ. ಆ ಮಾತ್ರೆ ಮನೆಬಳಕೆಯ ವಸ್ತುವೇ ಅಲ್ಲ.

ಇಲಿ ಎಲ್ಲಿ ಅಡಗಿದೆ?

ರಾತ್ರಿ ಬೀರುವಿನ ಬಾಗಿಲು ಬಿಗಿಯಾಗಿ ಮುಚ್ಚಿಡಿ. ಬೆಳಿಗ್ಗೆ ಕಾಫಿಗೂ ಮುಂಚೆ, ಮೂಗು ಚುರುಕಾಗಿರುವಾಗ, ಒಂದೊಂದೇ ಖಾನೆ ತೆಗೆದು ನೋಡಿ. ಸ್ವಲ್ಪ ಹೊತ್ತಾದರೆ ಮೂಗು ವಾಸನೆಗೆ ಹೊಂದಿಕೊಂಡು ಸುಳ್ಳು ಹೇಳುತ್ತದೆ. ಹಸಿರು ನೊಣ ಎಲ್ಲಿ ಕೂರುತ್ತದೆ, ಇರುವೆ ಸಾಲು ಎಲ್ಲಿಗೆ ಹೋಗುತ್ತದೆ ನೋಡಿ. ನಮಗಿಂತ ಮೊದಲು ಅವಕ್ಕೆ ಗೊತ್ತಾಗಿರುತ್ತದೆ.

ಸೀರೆಗಳ ಮಧ್ಯೆ ಸಿಗಲಿಲ್ಲವೆ? ಡ್ರಾಯರನ್ನು ಪೂರ್ತಿ ಹೊರಗೆಳೆದು ಅದರ ಹಿಂದೆ ನೋಡಿ. ಲಾಕರಿನ ಕೆಳಗಿನ ಟೊಳ್ಳು, ಬೀರುವಿನ ತಳ, ಗೋಡೆ ಕಡೆಯ ಹಿಂಬದಿ ನೋಡಿ. ಹಳೆಯ ಕಾಲದ ಭಾರಿ ತಿಜೋರಿಗಳಿಗೆ ಎರಡು ಪದರದ ಗೋಡೆ ಇರುತ್ತದೆ. ಬೆಂಕಿ ತಡೆಯಲೆಂದು ನಡುವೆ ಏನಾದರೂ ತುಂಬಿರುತ್ತಾರೆ. ಹಿಂದಿನ ತಗಡು ತುಕ್ಕು ಹಿಡಿದು ತೂತಾಗಿದ್ದರೆ ಇಲಿ ಆ ಪದರದೊಳಗೂ ಹೋಗಬಹುದು. ಆಗ ಬೀರು ರಿಪೇರಿಯವರನ್ನು ಕರೆಸಿ ಹಿಂದಿನ ತಗಡು ಬಿಚ್ಚಿಸುವುದೇ ದಾರಿ.

ನಮ್ಮ ಕಂಪಲಾಪುರದ ಬೀರುವಿನಲ್ಲಿ ಅದು ಸಿಕ್ಕಿದ್ದು ಕೆಳಗಿನ ಡ್ರಾಯರಿನ ಹಿಂದೆ. ಹೆಬ್ಬೆರಳಷ್ಟು ಸಣ್ಣಿಲಿ! ಅಷ್ಟಕ್ಕೆ ಅಷ್ಟು ರಾದ್ಧಾಂತ.

ತೆಗೆಯುವ ಕ್ರಮ

ಮಕ್ಕಳು, ಬಸುರಿಯರು ಇದರ ಹತ್ತಿರ ಬರುವುದು ಬೇಡ. ಕೋಣೆಯ ಕಿಟಕಿ, ಬಾಗಿಲು ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಡಿ. ಮೂಗು ಬಾಯಿಗೆ ಮಾಸ್ಕು, ಕೈಗೆ ರಬ್ಬರ್ ಗ್ಲೌಸು ಹಾಕಿಕೊಳ್ಳಿ. ಗ್ಲೌಸು ಇಲ್ಲವೆ? ಎರಡು ಪ್ಲಾಸ್ಟಿಕ್ ಚೀಲವನ್ನು ಒಂದರ ಮೇಲೊಂದು ಕೈಗೆ ಸುತ್ತಿಕೊಂಡರೂ ನಡೆಯುತ್ತದೆ.

ಇಲಿಪಾಷಾಣದ ಚೂರು ಬೀರುವಿನೊಳಗೆ ಬಿದ್ದಿದೆಯೇ ಅಂತ ಮೊದಲು ನೋಡಿ. ಕಪ್ಪು ಪುಡಿ ಕಲಸಿದ ತಿಂಡಿಯಾದರೆ ಅದು ಜಿಂಕ್ ಫಾಸ್ಫೈಡ್ ಇರಬಹುದು. ಅದಕ್ಕೆ ನೀರು ಹಾಕಬೇಡಿ, ಹುಳಿಯಂತೂ ತಾಗಿಸಲೇಬೇಡಿ. ಅದೂ ಫಾಸ್ಫೀನ್ ಬಿಡುತ್ತದೆ. ಒಣಗಿದ್ದಂತೆಯೇ ಕಾಗದದಿಂದ ಎತ್ತಿ ಚೀಲಕ್ಕೆ ಹಾಕಿ ಕಟ್ಟಿಬಿಡಿ.

ಆಮೇಲೆ ಬ್ಲೀಚಿಂಗ್ ಪೌಡರಿನ ನೀರು. ಒಂದು ಲೀಟರ್ ನೀರಿಗೆ ಸುಮಾರು 15 ಗ್ರಾಂ ಪೌಡರು, ಅಂದರೆ ಊಟದ ದೊಡ್ಡ ಚಮಚದಲ್ಲಿ ಒಂದು ಚಮಚ, ಹಾಕಿ ಕದಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮಾಡಿ. ಗಷ್ಟು ಕೆಳಗಿಳಿದ ಮೇಲೆ ತಿಳಿನೀರು ಬಸಿದುಕೊಳ್ಳಿ. ಇದನ್ನು ಇಲಿಯ ಮೇಲೂ, ಸುತ್ತ ಬಿದ್ದ ಹಿಕ್ಕೆಯ ಮೇಲೂ ಚಿಮುಕಿಸಿ ಐದು ನಿಮಿಷ ನೆನೆಯಲು ಬಿಡಿ. ಒಣ ಪೊರಕೆಯಿಂದ ಗುಡಿಸಬೇಡಿ, ಧೂಳೆದ್ದು ಮೂಗಿಗೆ ಸೇರುತ್ತದೆ. ನೆನೆದ ಮೇಲೆ ಇಲಿಯನ್ನು ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ, ಇನ್ನೊಂದು ಚೀಲದಲ್ಲಿಟ್ಟು ಮತ್ತೆ ಕಟ್ಟಿ ಕಸದ ಗಾಡಿಗೆ ಕೊಡಿ. ಗಾಡಿ ಬಾರದ ಊರಾದರೆ ಬಾವಿಯಿಂದ ದೂರದಲ್ಲಿ ಎರಡು ಅಡಿ ಆಳದ ಗುಂಡಿ ತೋಡಿ, ಚೀಲವಿಲ್ಲದೆ ಹೂಳಿ ಮಣ್ಣು ತುಳಿಯಿರಿ. ತಿಪ್ಪೆಗೆ ಎಸೆಯಬೇಡಿ. ವಿಷ ತಿಂದು ಸತ್ತ ಇಲಿಯನ್ನು ನಾಯಿಯೋ ಬೆಕ್ಕೋ ತಿಂದರೆ ಅದೂ ಸಾಯಬಹುದು.

ಮೀನು ತೊಳೆಯುವ ಹೆಂಗಸಿಗೆ ಗೊತ್ತಿರುವ ಗುಟ್ಟು

ಇಲಿ ಹೋಯಿತು. ವಾಸನೆ ಹೋಗಲಿಲ್ಲ, ಅಲ್ಲವೆ? ಹೋಗುವುದಿಲ್ಲ! ಕೊಳೆತಾಗ ಇಳಿದ ರಸ ತಗಡಿಗೆ ಅಂಟಿರುತ್ತದೆ. ಮಾಂಸ ಕೊಳೆಯುವಾಗ ಪುಟ್ರೆಸಿನ್, ಕ್ಯಾಡವರಿನ್ ಎಂಬ ವಸ್ತುಗಳು ಹುಟ್ಟುತ್ತವೆ. ಹೆಸರು ದೊಡ್ಡದು, ವಿಷಯ ಸಣ್ಣದು. ಇವು ಕ್ಷಾರದ ಗುಣದವು; ಹುಳಿ ಸೇರಿದರೆ ಉಪ್ಪಾಗಿ ಬದಲಾಗಿ ಗಾಳಿಗೆ ಹಾರಲಾರದೆ ಕುಳಿತುಬಿಡುತ್ತವೆ. ಗಾಳಿಗೆ ಹಾರದಿದ್ದರೆ ಮೂಗಿಗೆ ಬರುವುದೆಲ್ಲಿಂದ? ಮೀನು ತೊಳೆಯುವವರು ಹುಣಸೆಹಣ್ಣೋ ನಿಂಬೆಯೋ ಹಾಕಿ ಉಜ್ಜುವುದು ಇದಕ್ಕೇ. ಮೀನಿನ ನಾತವೂ ಇದೇ ಜಾತಿಯದು. ನೋಡಿ, ರಸಾಯನಶಾಸ್ತ್ರ ನಮ್ಮ ಅಡುಗೆಮನೆಯಲ್ಲೇ ಇದೆ!

ಬೀರುವಿಗೆ ಇದನ್ನು ಮೂರು ದಿನದ ಕೆಲಸವಾಗಿ ಮಾಡಿ.

ಮೊದಲ ದಿನ: ಬೀರುವನ್ನು ಖಾಲಿ ಮಾಡಿ. ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಲೆಯೆಲ್ಲ ಉಜ್ಜಿ ತೆಗೆಯಿರಿ. ಆಮೇಲೆ ಬ್ಲೀಚಿಂಗ್ ತಿಳಿನೀರಿನಿಂದ ಒರೆಸಿ ಹತ್ತು ನಿಮಿಷ ಬಿಡಿ. ಇದು ರೋಗಾಣುವನ್ನು ಕೊಲ್ಲಲು. ಮತ್ತೆ ಬರೀ ನೀರಿನಿಂದ ಎರಡು ಸಲ ಒರೆಸಿ, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಫ್ಯಾನು ಹಾಕಿ ಒಣಗಿಸಿ. ಬ್ಲೀಚಿಂಗ್ ನೀರು ಉಳಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ.

ಎರಡನೆಯ ದಿನ: ವಿನೆಗರ್ ಅರ್ಧ, ನೀರು ಅರ್ಧ ಬೆರೆಸಿ ಬಟ್ಟೆಯಿಂದ ಒರೆಸಿ. ವಿನೆಗರ್ ಇಲ್ಲದಿದ್ದರೆ ಒಂದು ಲೋಟ ನೀರಿಗೆ ಎರಡು ನಿಂಬೆಹಣ್ಣಿನ ರಸ ಹಿಂಡಿ, ಸೋಸಿ. ಡ್ರಾಯರಿನ ಹಳಿ, ಸಂದು, ಮೂಲೆ ಬಿಡಬೇಡಿ. ಕಾಲು ಗಂಟೆ ಬಿಟ್ಟು ನೀರಿನಿಂದ ಒರೆಸಿ ಒಣಗಿಸಿ.

ಒಂದು ಎಚ್ಚರಿಕೆ! ಬ್ಲೀಚಿಂಗ್ ಮತ್ತು ಹುಳಿ ಎರಡನ್ನೂ ಒಟ್ಟಿಗೆ ಬೆರೆಸಬೇಡಿ, ಒಂದರ ತೇವದ ಮೇಲೆ ಇನ್ನೊಂದನ್ನು ಹಾಕಬೇಡಿ. ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ಅದಕ್ಕೇ ಎರಡನ್ನೂ ಬೇರೆ ಬೇರೆ ದಿನಕ್ಕೆ ಇಟ್ಟಿರುವುದು. "ಎರಡೂ ಹಾಕಿದ್ರೆ ಇನ್ನೂ ಬೇಗ ಹೋಗುತ್ತೆ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಮೂರನೆಯ ದಿನದಿಂದ: ಇದ್ದಿಲನ್ನು ಪುಡಿ ಮಾಡಿ ಎರಡು ತಟ್ಟೆಯಲ್ಲಿ ಹರವಿ ಬೀರುವಿನ ಮೇಲಿನ, ಕೆಳಗಿನ ಖಾನೆಯಲ್ಲಿಡಿ. ಅಡುಗೆ ಸೋಡವನ್ನೂ ಒಂದು ಬಟ್ಟಲಲ್ಲಿ ಇಡಬಹುದು. ಹಳೆಯ ಪತ್ರಿಕೆ ಮುದುಡಿ ತುಂಬಿ ದಿನಾ ಬದಲಾಯಿಸಿದರೆ ತೇವ ಹೀರುತ್ತದೆ. ಹಗಲು ಬಾಗಿಲು ತೆರೆದಿಡಿ. ಸಾಮಾನ್ಯವಾಗಿ ಒಂದು ವಾರದಲ್ಲಿ ಬೀರು ನಿಮ್ಮದಾಗುತ್ತದೆ. ಇನ್ನೂ ಉಳಿದರೆ ಹುಳಿ ಒರೆಸುವುದನ್ನು ಮತ್ತೊಮ್ಮೆ ಮಾಡಿ. ಮರದ ಪೆಟ್ಟಿಗೆಯಾದರೆ ರಸ ಮರದೊಳಗೆ ಇಳಿದಿರುತ್ತದೆ. ಬಿಸಿಲಿಗಿಟ್ಟು ಒಣಗಿಸಿ, ಕಲೆಯಾದ ಜಾಗವನ್ನು ಎಮರಿ ಕಾಗದದಿಂದ ಉಜ್ಜಿ, ವಾರ್ನಿಷು ಹೊಡೆಸಿ.

ಸೀರೆ, ಒಡವೆ, ಪತ್ರ, ನೋಟು

ಮೈಸೂರು ರೇಷ್ಮೆಗೆ ಬ್ಲೀಚಿಂಗ್ ನೀರು ತಾಗಲೇಬಾರದು. ರೇಷ್ಮೆಯ ಎಳೆಯನ್ನೇ ಅದು ತಿಂದುಹಾಕುತ್ತದೆ. ಸೀರೆಗಳನ್ನು ಬಿಡಿಸಿ ನೆರಳಿನಲ್ಲಿ, ಗಾಳಿಯಲ್ಲಿ ಎರಡು ಮೂರು ದಿನ ಹರವಿ. ಕಲೆಯಾಗಿದ್ದರೆ ನೀವೇ ಉಜ್ಜದೆ ಡ್ರೈಕ್ಲೀನಿಗೆ ಕೊಡಿ, ಏನಾಯಿತೆಂದು ನಾಚದೆ ಹೇಳಿ ಕೊಡಿ. ಹತ್ತಿ ಬಟ್ಟೆಯನ್ನು ಬಿಸಿನೀರು, ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಿ.

ಬೆಳ್ಳಿ ಸಾಮಾನು ಕಪ್ಪಾಗಿದ್ದರೆ ಹೆದರಬೇಡಿ. ಕೊಳೆಯುವಾಗ ಗಂಧಕದ ಅನಿಲವೂ ಹೊರಡುತ್ತದೆ, ಅದು ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಸೋಪಿನ ನೀರಲ್ಲಿ ತೊಳೆದು ವಿಭೂತಿಯಿಂದ ಉಜ್ಜಿದರೆ ಹೊಳಪು ಬರುತ್ತದೆ.

ಜಮೀನಿನ ಕ್ರಯಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡು ಇವನ್ನು ಒದ್ದೆ ಮಾಡಬೇಡಿ. ನೆರಳಲ್ಲಿ ಹರವಿ ಒಣಗಿಸಿ, ಆಮೇಲೆ ಮುಚ್ಚಳದ ಡಬ್ಬಿಯಲ್ಲಿ ಇದ್ದಿಲಿನ ಬಟ್ಟಲ ಜೊತೆ, ಇದ್ದಿಲು ಮಾತ್ರ ತಾಗದಂತೆ, ಒಂದು ವಾರ ಇಡಿ. ಇಲಿ ಕಡಿದ ನೋಟನ್ನು ಎಸೆಯಬೇಡಿ, ಅಂಟಿಸಲೂ ಹೋಗಬೇಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕಿನಲ್ಲಿ ಬದಲಿಸಿಕೊಳ್ಳಬಹುದು. ಎಷ್ಟು ಭಾಗ ಉಳಿದಿದೆ ಎಂಬುದರ ಮೇಲೆ ಪೂರ್ತಿಯೋ ಅರ್ಧವೋ ಕೊಡುತ್ತಾರೆ, ತೀರಾ ಚೂರಾಗಿದ್ದರೆ ಏನೂ ಸಿಗದು.

ಇನ್ನು ನುಸಿಗುಳಿಗೆ. ಅದು ವಾಸನೆಯನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ. ಅದೂ ಅಲ್ಲದೆ ನಾಫ್ತಲಿನ್ ಗುಳಿಗೆ ಹಾಕಿದ ಬಟ್ಟೆಯನ್ನು ಹಸುಗೂಸಿಗೆ ಹೊದಿಸಬೇಡಿ. ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಕೊರತೆಯಿರುವ ಕೆಲವು ಕೂಸುಗಳಿಗೆ ಅದರಿಂದ ರಕ್ತ ಒಡೆದು ಕಾಮಾಲೆಯಾಗುತ್ತದೆ.

ಇಲಿ ಅಲ್ಲಿಗೇ ಏಕೆ ಬಂತು?

ಇದು ತಿಳಿಯದಿದ್ದರೆ ಮುಂದಿನ ಹಬ್ಬಕ್ಕೆ ಮತ್ತೆ ಇದೇ ಕಥೆ. ನಮ್ಮ ಹುಡುಗಿಯ ಮನೆಯಲ್ಲಿ ಕೂತು ವಿಚಾರಿಸಿದಾಗ ಒಂದೊಂದೇ ಹೊರಬಂತು. ಬೀರುವಿನ ಪಕ್ಕದಲ್ಲೇ ರಾಗಿ ಮೂಟೆ. ಹೋದ ಹಬ್ಬದ ತಾಂಬೂಲದಲ್ಲಿ ಬಂದ ಕೊಬ್ಬರಿ ಗಿಟುಕನ್ನು ಅತ್ತೆಯವರೇ ಬೀರುವಿನ ಕೆಳಖಾನೆಯಲ್ಲಿ ಇಟ್ಟು ಮರೆತಿದ್ದರು. ಬೀರುವಿನ ಹಿಂದೆ ತಳದಲ್ಲಿ ಒಂದು ತೂತು. ಮಾವನವರು ಅಟ್ಟದ ಮೇಲೆ ಇಲಿಪಾಷಾಣ ಇಟ್ಟಿದ್ದು ಹೆಂಗಸರಿಗೆ ಗೊತ್ತೇ ಇರಲಿಲ್ಲ! ಅಂದರೆ ಇಲಿಗೆ ಊಟ ಒಬ್ಬರು ಹಾಕಿದ್ದರು, ವಿಷ ಇನ್ನೊಬ್ಬರು ಹಾಕಿದ್ದರು, ದಾರಿ ಆ ತೂತು ಕೊಟ್ಟಿತ್ತು; ಬೈಗುಳ ಮಾತ್ರ ಸೊಸೆಯ ಪಾಲಿಗೆ.

ವಿಷ ತಿಂದ ಇಲಿ ನೀರು ಹುಡುಕಿಕೊಂಡು ಮನೆಯ ಹೊರಗೆ ಹೋಗಿ ಸಾಯುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಅದು ನಿಜವಲ್ಲ. ಅಂಗಡಿಯಲ್ಲಿ ಸಿಗುವ ಬ್ರೋಮಾಡಯೋಲೋನ್ ಬಿಲ್ಲೆ ತಿಂದ ಇಲಿ ಕೆಲವು ದಿನ ಬದುಕಿದ್ದು, ಒಳಗೊಳಗೇ ರಕ್ತ ಸೋರಿ, ಬಲಹೀನವಾಗಿ, ಬೆಚ್ಚಗಿನ ಕತ್ತಲ ಜಾಗ ಹುಡುಕುತ್ತದೆ. ನಿಮ್ಮ ಬೀರುವಿಗಿಂತ ಬೆಚ್ಚಗಿನ ಕತ್ತಲ ಜಾಗ ಯಾವುದಿದೆ?

ಆದ್ದರಿಂದ ಮನೆಯೊಳಗೆ ಪಾಷಾಣ ಬೇಡ, ಬೋನು ಇಡಿ. ಸುಟ್ಟ ಕೊಬ್ಬರಿಯೋ ಈರುಳ್ಳಿ ಬೋಂಡದ ಚೂರೋ ಸಿಕ್ಕಿಸಿ, ಇಲಿ ಓಡಾಡುವ ಗೋಡೆಯ ಅಂಚಿಗೆ ಇಟ್ಟರೆ ಬೀಳುತ್ತದೆ. ಬಿದ್ದರೆ ಎಲ್ಲಿ ಬಿತ್ತು ಎಂದು ಗೊತ್ತಿರುತ್ತದೆ, ನೋಡಿ! ಬೀರುವಿನಲ್ಲಿ ತಿನ್ನುವ ಪದಾರ್ಥ, ಕೊಬ್ಬರಿ, ಅಕ್ಕಿಯಿರುವ ಮಡಿಲಕ್ಕಿ ಗಂಟು ಇಡಬೇಡಿ. ರಾಗಿ ಮೂಟೆಯನ್ನು ಬೇರೆ ಕೋಣೆಗೆ ಸರಿಸಿ ಅಥವಾ ಮುಚ್ಚಳದ ತಗಡಿನ ಡ್ರಮ್ಮಿಗೆ ತುಂಬಿ. ಪೆನ್ಸಿಲು ತೂರುವಷ್ಟು ಸಂದಿದ್ದರೆ ಸಣ್ಣಿಲಿಗೆ ಅದೇ ಹೆಬ್ಬಾಗಿಲು. ಅಂಥ ತೂತಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಬಿಗಿಯಾಗಿ ತುರುಕಿ. ಬಟ್ಟೆ ತುರುಕಿದರೆ ಇಲಿ ಅದನ್ನೇ ಕಡಿದು ಗೂಡು ಮಾಡುತ್ತದೆ. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದಿಡಿ, ಹಿಂದೆ ಕಣ್ಣು ಹಾಯಲಿ. ಯಾರೇ ಆಗಲಿ ವಿಷ ಇಟ್ಟರೆ ಮನೆಯವರಿಗೆಲ್ಲ ಹೇಳಿಯೇ ಇಡಬೇಕೆಂದು ಒಂದು ಕಟ್ಟಳೆ ಮಾಡಿಕೊಳ್ಳಿ. ಪುಟ್ಟ ಮಕ್ಕಳಿರುವ ಮನೆಯಲ್ಲಂತೂ ಇದು ಪ್ರಾಣದ ಮಾತು.

ಕೆಲಸ ಮುಗಿದ ಮೇಲೆ ಗ್ಲೌಸು ಬಿಚ್ಚಿ ಕೈಯನ್ನು ಸೋಪಿನಿಂದ ತೊಳೆದು ಸ್ನಾನ ಮಾಡಿ. ಮುಂದಿನ ಮೂರು ನಾಲ್ಕು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು, ಕಾಮಾಲೆ ಕಂಡರೆ ಡಾಕ್ಟರಿಗೆ "ಸತ್ತ ಇಲಿ ತೆಗೆದಿದ್ದೆ" ಎಂದು ಮರೆಯದೆ ಹೇಳಿ. ಈ ಒಂದು ಮಾತಿನಿಂದ ಇಲಿಜ್ವರವನ್ನು ಅವರು ಬೇಗ ಗುರುತಿಸಬಹುದು. ಬೇಗ ಗೊತ್ತಾದರೆ ಅದಕ್ಕೆ ಒಳ್ಳೆಯ ಔಷಧಿಯಿದೆ.

ಕಂಪಲಾಪುರದ ಆ ಮನೆಗೆ ಗೌರಿ ಹಬ್ಬಕ್ಕೆ ಮತ್ತೆ ಹೋಗಿದ್ದೆ. ಬೀರು ತೆರೆದಾಗ ಬಂದದ್ದು ಸೀರೆಯ ವಾಸನೆ ಮಾತ್ರ. ಅತ್ತೆಯವರು ತಾಂಬೂಲದ ಕೊಬ್ಬರಿಯನ್ನು ತಾವೇ ಅಡುಗೆಮನೆಯ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ ಬಂದು ಕೂತರು. ಸೊಸೆಯ ಕಡೆ ನೋಡಿ, "ಅವತ್ತು ಸುಮ್ನೆ ನಿನ್ನ ಅಂದ್ಬುಟ್ಟೆ ಕಣವ್ವ" ಅಂದರು. ಹುಡುಗಿ ಏನೂ ಮಾತಾಡದೆ ಅವರಿಗೆ ಮೊದಲು ಕುಂಕುಮ ಇಟ್ಟಳು.